ಮೂರನೇ ಕೂಗು

ಆ ಕೋಣೆಯಲ್ಲಿ ಎಷ್ಟು ಹೊತ್ತು ಕುಳಿತಿದ್ದೆ ಎಂದು ಯಾರಾದರೂ ಕೇಳಿದರೆ, ಅರ್ಧ ದಿನ ಎಂದು ಬಾಯಿಗೆ ಬರುತ್ತದೆ. ಆದರೆ ಫೋನಿನಲ್ಲಿರುವ ವಿಡಿಯೋ ಒಂದು ಹಾಡಿನಷ್ಟೂ ಉದ್ದವಿಲ್ಲ. ನಾನು ದಿನಚರಿ ಬರೆಯುವವಳು. ಹಳೆಯ ಪುಟಗಳನ್ನು ಓದುವಾಗೆಲ್ಲ, ನನ್ನ ನೆನಪು ತನಗೆ ಬೇಕಾದದ್ದನ್ನು ಎಷ್ಟು ಸಲೀಸಾಗಿ ಸೇರಿಸಿಕೊಳ್ಳುತ್ತದೆ ಎಂದು ನೋಡಿ ನಾಚಿಕೆಪಟ್ಟಿದ್ದೇನೆ. ಆದ್ದರಿಂದ ಇಲ್ಲಿ ವಿಡಿಯೋದಲ್ಲಿರುವುದು ಯಾವುದು, ನನಗೆ ಮಾತ್ರ ನೆನಪಿರುವುದು ಯಾವುದು ಎಂದು ಆದಷ್ಟು ಬೇರೆ ಮಾಡಿಯೇ ಹೇಳುತ್ತೇನೆ.

ಆಗ ನನ್ನ ಮದುವೆ ಗೊತ್ತಾಗಿತ್ತು. ನಾವು ತೆಲಂಗಾಣದ ಗಡಿಯ ನಾರಾಯಣಪೇಟೆಯವರು, ಹುಡುಗನ ಮನೆಯವರದು ಗದ್ವಾಲದಲ್ಲಿ ಸೀರೆ ಅಂಗಡಿ. ಎರಡೂ ಊರಿಗೆ ಅನುಕೂಲವೆಂದು ಮಕ್ತಲ್‌ನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಹಿರಿಯರು ಕೂತು ಸಕ್ಕರೆ ಹಂಚಿದ್ದರು. ನಮ್ಮ ಮಂದಿಯಲ್ಲಿ ಸಕ್ಕರೆ ತಿಂದರೆ ಮಾತು ಮುಗಿಯಿತು. ಆಮೇಲೆ ಮುರಿದರೆ ಗಂಡಿನವರಿಗೆ ಮತ್ತೊಂದು ಹೆಣ್ಣು ಸಿಗುತ್ತದೆ, ಹೆಣ್ಣಿನ ಮನೆಯ ಹೊಸ್ತಿಲನ್ನು ಮತ್ತೆ ಯಾರೂ ತುಳಿಯುವುದಿಲ್ಲ. ಹುಡುಗ ನನಗೆ ಹಿಡಿಸಿದ್ದ. ಇದನ್ನು ಈಗ ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಫೋನಿನಲ್ಲಿ ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ನಾನು ಹೇಳುವುದನ್ನು ಕೇಳುತ್ತಿದ್ದ. ಕೇಳುತ್ತಿದ್ದ ಎಂದೇ ನಾನು ತಿಳಿದಿದ್ದೆ.

ಹುಡುಗನ ತಾಯಿ ಮೊದಲ ಸಲ ನಮ್ಮ ಮನೆಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಾಗಿಲು ಅರ್ಧ ತೆರೆದೇ ಇತ್ತು. ಆದರೂ ಅವರು ಒಳಗೆ ಬರಲಿಲ್ಲ. ಕಟ್ಟೆಯ ಕೆಳಗೆ ನಿಂತು ಅವ್ವನನ್ನು ಕರೆದರು. ಸುಮ್ಮನಾದರು. ಮತ್ತೆ ಕರೆದರು. ಸುಮ್ಮನಾದರು. ಮೂರನೆಯ ಸಲ ಕರೆದ ಮೇಲೆ ಅವ್ವ "ಓ, ಬರ್ರಿ ಬರ್ರಿ" ಎನ್ನುತ್ತ ಎದ್ದಳು. ಅವ್ವನ ಮುಖ ಅರಳಿತ್ತು. "ಪದ್ಧತಿ ಇರೋ ಮನಿ ಐತಿ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಪದ್ಧತಿಯನ್ನು ನನಗೆ ಕಲಿಸಿದ್ದು ದಾಮರಗಿದ್ದ ಊರಿನ ನನ್ನ ಅಜ್ಜಿ. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು. "ಮಂದಿ ಮೂರು ಸಲ ಕರೀತಾರ. ಅದಕ್ಕ ಮೂರನೇ ಕೂಗು ಇಲ್ಲ," ಎನ್ನುತ್ತಿದ್ದಳು. ‘ಅದು’ ಎಂದರೆ ಏನು ಎಂದು ಕೇಳಿದರೆ ತಲೆಯ ಮೇಲೆ ಮೊಟಕುತ್ತಿದ್ದಳು. ನಾನು ಕಲಬುರಗಿಯಲ್ಲಿ ಎಂ.ಎ. ಮಾಡಿದೆ, ಮೂಢನಂಬಿಕೆಗಳ ಮೇಲೆ ಪ್ರಬಂಧ ಕೂಡ ಬರೆದೆ. ಹಾಸ್ಟೆಲಿನಲ್ಲಿ ಸಂಜೆ ಗೆಳತಿಯರು ಹೊರಗಿನಿಂದ ಕೂಗಿದರೆ ಮೂರನೆಯ ಸಲಕ್ಕೇ ಓಗೊಡುತ್ತಿದ್ದೆ. "ಈಕಿಗೆ ಕಿವುಡು," ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮದುವೆಗೆ ಸ್ವಲ್ಪ ಮುಂಚೆ ಬಂಗಾರಕ್ಕೆ, ಹುಡುಗನ ಸೂಟಿಗೆ ಎಂದು ಹೈದರಾಬಾದಿಗೆ ಹೋದೆವು. ನಾನು ಮತ್ತು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಬಸ್ಸಿನಲ್ಲಿ ಹೋದೆವು. ಹುಡುಗ, ಅವನ ತಾಯಿ, ಅವನ ತಂಗಿ ಗದ್ವಾಲದಿಂದ ಕಾರಿನಲ್ಲಿ ಬಂದರು. ಸಕ್ಕರೆಯ ದಿನ ಅವರು ಉಡಿಗೆ ಹಾಕಿದ್ದ ಗದ್ವಾಲ ಸೀರೆಯನ್ನೇ ನಾನು ಉಟ್ಟಿದ್ದೆ. ಮೈಯೆಲ್ಲ ಹತ್ತಿ, ಅಂಚು ಸೆರಗು ರೇಷ್ಮೆ.

ಮಾಲ್‌ನ ಮೇಲಿನ ಅಂತಸ್ತಿನಲ್ಲಿ ಒಂದು ದೆವ್ವದ ಮನೆ ಇತ್ತು. ಪಾಳುಬಿದ್ದ ಆಸ್ಪತ್ರೆಯ ಹಾಗೆ ಕಟ್ಟಿದ್ದರು. ಹುಡುಗನ ತಂಗಿ ಕಾಲೇಜು ಓದಿದ್ದು ಹೈದರಾಬಾದಿನಲ್ಲೇ, ಅವಳಿಗೆ ಅದು ಗೊತ್ತಿತ್ತು.

"ಬರ್ರಿ ವೈನಿ, ಮದಿವಿ ಆದ್ಮ್ಯಾಲೆ ನಮ್ಮಣ್ಣಗ ಹೆದ್ರಬೇಕು, ಈಗ ಇಲ್ಲಿ ಕಲ್ಕೊಳ್ರಿ," ಎಂದಳು.

"ಆಕಿ ಎಂ.ಎ. ಓದ್ಯಾಳವಾ," ಎಂದರು ಹುಡುಗನ ತಾಯಿ. "ದೆವ್ವಾನ ಕುಂದ್ರಿಸಿ ಪರೀಕ್ಷಾ ತಗೋತಾಳ."

ಚಿಗವ್ವನಿಗೆ ಮಂಡಿನೋವು. ಅವಳು ಬಂಗಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಕೆಳಗೆ ಕಾಫಿ ಅಂಗಡಿಯ ಹತ್ತಿರ ಕುಳಿತಳು. ಹುಡುಗನ ತಾಯಿ ಟಿಕೆಟಿನ ಕೌಂಟರಿನ ಬಳಿ ಉಳಿದರು. ಅಲ್ಲಿ ಒಂದು ಪರದೆ ಇತ್ತು. ಒಳಗಿನ ಕ್ಯಾಮೆರಾಗಳು ತೋರಿಸುವುದನ್ನು ಹೊರಗಿದ್ದವರು ನೋಡಬಹುದಿತ್ತು. ಇದನ್ನು ನಾನು ಒಳಗೆ ಹೋಗುವಾಗ ನೋಡಲಿಲ್ಲ.

ಒಳಗಿನ ಆಟ ಹೀಗೆ. ಗುಂಪಿನಲ್ಲಿ ಒಬ್ಬರನ್ನು ರೋಗಿ ಎಂದು ಆರಿಸಬೇಕು. ಅವರನ್ನು ಬೇರೆ ಮಾಡಿ ಕೊನೆಯ ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಕೂರಿಸುತ್ತಾರೆ, ಉಳಿದವರನ್ನು ಹೊರಗೆ ಬಿಡುತ್ತಾರೆ. ದೀಪ ಹೋಗುತ್ತದೆ. ಹೆಸರು ಹಿಡಿದು ಒಂದು ದನಿ ಕರೆಯುತ್ತದೆ. ಓಗೊಟ್ಟರೆ ಬಾಗಿಲು ತೆರೆಯುತ್ತದೆ. ಹುಡುಗನ ತಂಗಿ ಯೋಚಿಸದೆ ನನ್ನ ಹೆಸರು ಹೇಳಿದಳು. ಕೌಂಟರಿನವನು ತೆಲುಗಿನಲ್ಲಿ ನಿಯಮ ಹೇಳಿದ್ದನಂತೆ: "ಪೇರು ಪಿಲಿಸ್ತೆ ಪಲಕಂಡಿ, ತಲುಪು ತೀಸ್ತಾಂ." ಹೆಸರು ಕರೆದರೆ ಓ ಅನ್ನಿ, ಬಾಗಿಲು ತೆರೆಯುತ್ತೇವೆ. ನಾನೂ ಅಲ್ಲಿಯೇ ನಿಂತಿದ್ದೆ ಎಂದು ಅವರೆಲ್ಲ ಹೇಳುತ್ತಾರೆ. ನಿಂತಿದ್ದಿರಬಹುದು. ಆ ಮಾತು ನನ್ನ ಕಿವಿಗೆ ಬಿದ್ದ ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲ ಎಂಬುದೂ ಗೊತ್ತು.

ಮೊದಲ ಕೋಣೆಗಳಲ್ಲಿ ನಾನೂ ಕಿರುಚಿದೆ, ನಕ್ಕೆ. ಬಣ್ಣ ಬಳಿದುಕೊಂಡ ಒಬ್ಬ ತೊಟ್ಟಿಲಿನಿಂದ ಎದ್ದ. ಒಂದು ಕೈ ನನ್ನ ಜಡೆ ಹಿಡಿಯಿತು. ಆಮೇಲೆ ಯಾರೋ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಹುಡುಗ ನನ್ನ ಬೆರಳು ಹಿಡಿದಿದ್ದ. ಅವನೇ ಬಿಟ್ಟನೋ, ಜಾರಿತೋ ಹೇಳಲಾರೆ.

ಮಂಚ ತಣ್ಣಗಿತ್ತು. ಫಿನಾಯಿಲ್ ವಾಸನೆ. ದೀಪ ಹೋಯಿತು. ಕಣ್ಣಿಗೆ ಹತ್ತಿರ ಕೈ ತಂದರೂ ಕಾಣದ ಕತ್ತಲು. ಅಜ್ಜಿ ತೀರಿದ ಮೇಲೆ ಅಂಥ ಕತ್ತಲಲ್ಲಿ ನಾನು ಕುಳಿತಿರಲಿಲ್ಲ. ಆಗ ಗೋಡೆಯೊಳಗಿನಿಂದ ನನ್ನ ಹೆಸರು ಬಂತು. ನಾನು ಬಾಯಿ ಮುಚ್ಚಿಕೊಂಡೆ. ನಿಧಾನವಾಗಿ ಮತ್ತೆ ಬಂತು. ಇನ್ನೊಂದು ಸಲ ಕರೆಯಲಿ, ಓ ಅನ್ನುತ್ತೇನೆ ಎಂದುಕೊಂಡೆ. ಇದು ಪ್ಲೈವುಡ್ಡು, ಸ್ಪೀಕರು, ಟಿಕೆಟು ಎಂದು ನನಗೆ ಚೆನ್ನಾಗಿ ತಿಳಿದಿತ್ತು. ಆದರೂ ಕಾದೆ. ಮೂರನೆಯ ಕೂಗು ಬರಲಿಲ್ಲ.

ಬರುವುದಿಲ್ಲ ಎಂದು ಖಾತ್ರಿಯಾದ ಕ್ಷಣ ಯಾವುದು ಎಂದು ನನಗೆ ಗೊತ್ತು. ಸೀರೆ ಬೆಚ್ಚಗೆ ಒದ್ದೆಯಾಯಿತು.

ಕೊನೆಗೆ ದೀಪ ಬಂತು. ಮುಖಕ್ಕೆ ರಕ್ತದ ಬಣ್ಣ ಹಚ್ಚಿಕೊಂಡವನೊಬ್ಬ ಬಾಗಿಲಲ್ಲಿ ನಿಂತು, "ಲೇವಂಡಿ ಅಕ್ಕಾ, ವೇರೇ ವಾಳ್ಳು ಉನ್ನಾರು," ಎಂದ. ಏಳಿ, ಬೇರೆಯವರು ಕಾಯುತ್ತಿದ್ದಾರೆ. ಮಂಚದ ಮೇಲಿನ ರೆಕ್ಸಿನ್ನಿನ ಹಾಸನ್ನು ನೋಡಿ ಅವನು ಒಳಗೆ ಯಾರಿಗೋ ಬಟ್ಟೆ ತರಲು ಕೂಗಿದ. ದನಿಯಲ್ಲಿ ಬೇಸರವೂ ಇರಲಿಲ್ಲ.

ಹೊರಗೆ ಮೂವರೂ ಪರದೆಯ ಮುಂದೆ ನಿಂತಿದ್ದರು. ಹುಡುಗನ ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು. ಹುಡುಗನ ತಾಯಿ ನನ್ನ ಮುಖ ನೋಡಲಿಲ್ಲ. ಬಗ್ಗಿ ನನ್ನ ನೆರಿಗೆ ಎತ್ತಿ ನೋಡಿದರು, ಅಂಗಡಿಯಲ್ಲಿ ವಾಪಸು ಬಂದ ಮಾಲು ನೋಡುವ ಹಾಗೆ.

"ಅಂಚಿಗೆ ಹತ್ತಿಲ್ಲ ಬಿಡು," ಎಂದರು. "ಮೈ ಹತ್ತೀದು, ತೊಳದ್ರ ಹೋಗ್ತೈತಿ."

ಟಿಕೆಟಿಗೆ ನಿಂತಿದ್ದ ಯಾರೋ ನಕ್ಕರು. ಹುಡುಗ ಫೋನು ನೋಡುತ್ತಿದ್ದ.

ಬರುವಾಗ, ದಾರಿ ಕವಲಾಗುವ ಜಡ್ಚರ್ಲದವರೆಗೆ ಅವರ ಕಾರಿನಲ್ಲೇ ಬಂದೆವು. ನಾನು ಕೂರುವ ಮೊದಲು ಹುಡುಗನ ತಂಗಿ ಸೀಟಿನ ಮೇಲೆ ಸೂಟಿನ ಅಂಗಡಿಯ ಪ್ಲಾಸ್ಟಿಕ್ ಕವರು ಹರಡಿದಳು. ದಾರಿಯುದ್ದಕ್ಕೂ ನಾನು ಅಲುಗಿದಾಗೆಲ್ಲ ಅದು ಸದ್ದು ಮಾಡಿತು. ಚಿಗವ್ವ ಏನಾಯಿತು ಎಂದು ಕೇಳಿದಳು. "ನೀರು ಚೆಲ್ಲಿತು," ಎಂದು ಹುಡುಗ ಹೇಳಿದ. ಅದನ್ನು ದಯೆ ಎಂದು ತಿಳಿದು ನಾನು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತ ಕುಳಿತಿದ್ದೆ.

ವಿಡಿಯೋ ಬಂದದ್ದು ಮರುದಿನ, ನಗುವ ಮುಖಗಳ ಸಾಲಿನೊಂದಿಗೆ. ಹುಡುಗನ ತಂಗಿ ಪರದೆಯನ್ನೇ ಫೋನಿನಲ್ಲಿ ಹಿಡಿದಿದ್ದಳು. ಹಸಿರು ಬೆಳಕಿನಲ್ಲಿ ನಾನು ಮಂಚದ ಮೇಲಿದ್ದೇನೆ, ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತಿದೆ. ನಾನು ಬಾಯಿ ಮುಚ್ಚಿಕೊಂಡದ್ದು ಕೈಯಿಂದ ಎಂದು ನೆನಪಿತ್ತು, ವಿಡಿಯೋದಲ್ಲಿ ಸೆರಗಿನಿಂದ. ದನಿಗಳು ಮಾತ್ರ ಸ್ಪಷ್ಟವಾಗಿವೆ.

ಎರಡು ಕೂಗು ಮುಗಿದ ಮೇಲೆ ಕೌಂಟರಿನವನು ತೆಲುಗಿನಲ್ಲಿ ಕೇಳುತ್ತಾನೆ, ಈಕೆ ಯಾಕೆ ಮಾತಾಡುತ್ತಿಲ್ಲ?

ಹುಡುಗನ ತಾಯಿ ನಗುತ್ತಾರೆ. "ಗೊತ್ತಾತು ನನಗ. ಮೂರನೇ ಕೂಗು ಬೇಕು ಆಕಿಗೆ. ಓದಿದಾಕಿ ನೋಡು, ನಮ್ಮ ಮುದಿಕಿ ಇದ್ಲಲ್ಲ, ಹಂಗ ಕುಂತಾಳ."

"ಮತ್ತ ಕರೀ ಅನ್ನವಾ ಅವಗ," ಎನ್ನುತ್ತಾಳೆ ತಂಗಿ.

"ಬ್ಯಾಡ, ಕರೀಬ್ಯಾಡ್ರಿ. ಎಷ್ಟೊತ್ತು ಕುಂದರ್ತಾಳ ನೋಡಮು."

ಕೌಂಟರಿನವನು, ಸಾರ್ ಕರೆಯಲೇ ಎಂದು ಕೇಳುತ್ತಾನೆ. ಆಗ ಹುಡುಗನ ದನಿ, ಫೋನಿನಲ್ಲಿ ಎಷ್ಟೋ ಸಂಜೆ ಕೇಳಿದ ಅದೇ ಮೆತ್ತನೆಯ ದನಿ: "ಉಂಡನೀ ಅನ್ನಾ, ಕಾಸೇಪು." ಇರಲಿ ಬಿಡಣ್ಣ, ಸ್ವಲ್ಪ ಹೊತ್ತು.

ಅದನ್ನು ಎಷ್ಟು ಸಲ ಹಾಕಿ ಕೇಳಿದೆನೋ. ಅವನು ನಗುತ್ತಾನೆಯೇ ಎಂದು ಕೇಳಲು. ನಗುವುದಿಲ್ಲ. ನಕ್ಕಿದ್ದರೆ ಕ್ಷಮಿಸುತ್ತಿದ್ದೆನೇನೋ.

ಅವ್ವನಿಗೆ ತೋರಿಸಿದೆ. ಅವ್ವ ಪೂರ್ತಿ ನೋಡಿ, "ಚಾಷ್ಟಿ ಮಾಡ್ಯಾರ," ಎಂದಳು. ಆಮೇಲೆ, "ಸಕ್ರಿ ತಿಂದೀವಿ," ಎಂದಳು. ಅಷ್ಟರಲ್ಲಿ ವಿಡಿಯೋ ಮಕ್ತಲ್ ಮುಟ್ಟಿತ್ತು. ಸೋದರತ್ತೆ ಫೋನು ಮಾಡಿ, ಹುಡುಗಿಗೆ ಚಿಕ್ಕಂದಿನಿಂದಲೂ ಹಾಸಿಗೆ ಒದ್ದೆ ಮಾಡುವ ರೋಗ ಇತ್ತೇ ಎಂದು ಗದ್ವಾಲದ ಕಡೆಯ ಯಾರೋ ಕೇಳಿದರೆಂದು ಹೇಳಿದಳು. "ಇಲ್ಲಂದೀನಿ," ಎಂದಳು, ಏನೋ ದೊಡ್ಡ ಉಪಕಾರ ಮಾಡಿದವಳಂತೆ. ಹುಡುಗನ ಫೋನು ಬಂದಾಗೆಲ್ಲ ನಾನು ತೆಗೆಯಲಿಲ್ಲ. ಮದುವೆ ಬೇಡ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಾನು ಹೇಳಿದ್ದೇ ಕೇಳಲಿಲ್ಲವೆಂಬಂತೆ ತನ್ನ ಅಂಗಡಿಗೆ ಹೋದ.

ಒಂದು ಸಂಜೆ ಅವರೇ ಬಂದರು, ತಾಯಿ ಮಗ ಇಬ್ಬರೂ. ಕಾರು ನಿಂತದ್ದು ಕೇಳಿಸಿತು. ದೀಪ ಹಚ್ಚುವ ಹೊತ್ತು. ಚಳಿಗೆಂದು ಬಾಗಿಲು ಹಾಕಿತ್ತು. ಓಣಿಯ ಹೆಂಗಸರು ಕಟ್ಟೆಗಳ ಮೇಲೆ ಕುಳಿತಿದ್ದರು.

ಪದ್ಧತಿಯ ಮನೆಯವರು. ತಾಯಿ ಕಟ್ಟೆಯ ಕೆಳಗೆ ನಿಂತು ಕರೆದರು, ಈ ಸಲ ಅವ್ವನನ್ನಲ್ಲ, ನನ್ನನ್ನು. ಸೊಸೆಯನ್ನು ಹೆಸರು ಹಿಡಿದು ಕರೆದರೆ ಓಣಿಗೆಲ್ಲ ಗೊತ್ತಾಗುತ್ತದೆ, ಮಾತು ಗಟ್ಟಿಯಿದೆ ಎಂದು. ಸುಮ್ಮನಾದರು. ಎರಡನೆಯ ಸಲ ಕರೆದರು.

ಅವ್ವ ನನ್ನ ಪಕ್ಕದಲ್ಲಿದ್ದಳು. "ಮೂರನೇದಕ್ಕ ಓ ಅನ್ನವಾ," ಎಂದು ಪಿಸುಗುಟ್ಟಿದಳು. "ಎಲ್ಲಾ ಮರ್ತು ಹೋಗ್ತೈತಿ."

ಮೂರನೆಯ ಕೂಗು ಬಂತು. ಉದ್ದವಾಗಿ, ಚೆನ್ನಾಗಿ ಕೇಳುವಂತೆ.

ಕತ್ತಲಲ್ಲಿ ಕರೆದವರು ಮನುಷ್ಯರು ಎಂದು ಒಪ್ಪುವುದು ಮೂರನೆಯ ಕೂಗಿಗೆ. ಅದಕ್ಕೂ ಒಳಗಿನವರು ಓಗೊಡದಿದ್ದರೆ, ಹೊರಗೆ ನಿಂತವರು ಮನುಷ್ಯರಲ್ಲ ಎಂದಂತೆ. ಇದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ಜಗಳವಾಡಿ ಕೊಡಲಿ ಎತ್ತಿದ ಅಣ್ಣತಮ್ಮಂದಿರೂ ಮೂರನೆಯದಕ್ಕೆ ಓ ಅನ್ನುತ್ತಾರೆ. ಕಟ್ಟೆಗಳ ಮೇಲಿನ ಮಾತು ನಿಂತುಹೋದದ್ದು ನನಗೆ ಒಳಗೇ ತಿಳಿಯಿತು.

ಅವ್ವ ಓ ಅನ್ನಲು ಬಾಯಿ ತೆರೆದಳು. ನಾನು ಅಂಗೈಯಿಂದ ಅವಳ ಬಾಯಿ ಒತ್ತಿ ಹಿಡಿದೆ, ತಲೆ ಗೋಡೆಗೆ ತಾಗುವಷ್ಟು ಜೋರಾಗಿ.

"ಮನ್ಯಾಗ ಅದಾರಲ್ರೀ," ಎಂದಿತು ಹೊರಗೆ ಎದುರು ಮನೆಯಾಕೆಯ ದನಿ. "ಈಗರ ದೀಪ ಹಚ್ಚ್ಯಾರ."

ಆಮೇಲೆ ನನ್ನ ಹೆಸರು ಮತ್ತೊಮ್ಮೆ ಬಂತು, ಮೆತ್ತಗೆ, ಗಂಡು ದನಿಯಲ್ಲಿ. ಅದು ನಿಜವಾಗಿ ಬಂತೋ, ಬರಲಿ ಎಂದು ನಾನೇ ಸೇರಿಸಿಕೊಂಡೆನೋ ತಿಳಿಯದು. ಅದಕ್ಕೂ ಸುಮ್ಮನಿದ್ದೆ. ಕಾರಿನ ಬಾಗಿಲು ಹಾಕಿದ ಸದ್ದು ಓಣಿಯಲ್ಲಿ ಎಲ್ಲರೂ ಕೇಳಿದ್ದಾರೆ.

ಗದ್ವಾಲದಲ್ಲಿ ಈಗಿನ ಮಾತು ಬೇರೆ: ಹುಡುಗಿಗೆ ಗಾಳಿ ಸೋಕಿದೆ, ಅದಕ್ಕೇ ತಾವೇ ಬಿಟ್ಟೆವು ಎಂದು. ವಿಡಿಯೋ ಸಾಕ್ಷಿಗಿದೆ. ಸೀರೆಯನ್ನು ತೊಳೆದು ಮಕ್ತಲ್‌ಗೆ ಕಳಿಸಿದೆವು. ಸೋದರತ್ತೆ ಮುಂದೆ ಕಳಿಸಿದಳು. ಉಟ್ಟ ಸೀರೆ ತಾವು ಮುಟ್ಟುವುದಿಲ್ಲ ಎಂದು ಅದು ಬಂದ ದಾರಿಯಲ್ಲೇ ವಾಪಸು ಬಂತು. ಅಂಚು ಹಾಗೇ ಹೊಳೆಯುತ್ತದೆ. ಅವರು ಹೇಳಿದ್ದು ನಿಜ, ಮೈಯಲ್ಲಿ ಕಲೆ ಉಳಿದಿಲ್ಲ. ನಮ್ಮ ಹೊಸ್ತಿಲನ್ನು ಮತ್ತೆ ಯಾರೂ ತುಳಿದಿಲ್ಲ ಎಂಬುದೂ ನಿಜ.

ಅವ್ವನನ್ನು ಕೇಳಿದರೆ ಆ ಸಂಜೆ ತಾನು ಅಡುಗೆಮನೆಯಲ್ಲಿ ಇದ್ದೆ, ಕೂಗು ಕೇಳಿಸಲಿಲ್ಲ ಎನ್ನುತ್ತಾಳೆ. ಅಪ್ಪನ ಮುಂದೆಯೂ ಹಾಗೇ ಹೇಳುತ್ತಾಳೆ, ನನ್ನ ಮುಂದೆಯೂ. ನಾನು ವಾದಿಸುವುದಿಲ್ಲ. ಆದರೆ ಅವಳ ಮುಂದಿನ ಹಲ್ಲು ನನ್ನ ಅಂಗೈಗೆ ಒತ್ತಿದ್ದು, ಒಳಗೆ ಸಿಕ್ಕಿಕೊಂಡ ಆ ಓ ಬಿಸಿ ಉಸಿರಾಗಿ ಬೆರಳ ಸಂದಿನಲ್ಲಿ ಹೊರಬಂದದ್ದು ನನಗೆ ನೆನಪಿದೆ. ದೀಪ ಹಚ್ಚುವ ಹೊತ್ತಿಗೆ ಈಗ ಅವಳು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಬೇಕಾದರೆ ಎದ್ದು ಬಂದು ಎದುರು ನಿಲ್ಲುತ್ತಾಳೆ.