ಕರಿ ಬಂಪರಿನ ಕಾರು

ಒಂದು ಕಾರನ್ನು, ಅದರೊಳಗೆ ಒಮ್ಮೆಯೂ ಕೂರದೆ, ವರ್ಷಗಟ್ಟಲೆ ಹೀಯಾಳಿಸಿದವನು ನಾನು. ಕಾಲೇಜಿನ ಮೇಷ್ಟ್ರಾಗಿದ್ದವನಿಗೆ ಓದದ ಪುಸ್ತಕದ ಬಗ್ಗೆ ಮಾತಾಡಿ ಅಭ್ಯಾಸವಿತ್ತು ಎನ್ನಿ.

ನನ್ನದು ಎರಡೇ ಸೀಟಿನ, ಚಾವಣಿ ಮಡಚುವ ಹಳೆಯ ಇಂಗ್ಲಿಷ್ ಕಾರು. ಸೋದರಮಾವ ಬಿಟ್ಟುಹೋದದ್ದು. ಮುಂದೆ ಫಳಫಳಿಸುವ ಕ್ರೋಮಿನ ಬಂಪರು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅದರ ರಿಪೇರಿಯೆಲ್ಲ ಸವಣೂರಿನ ಮೆಕ್ಯಾನಿಕ್ ಮೆಹಬೂಬಸಾಬರದು. ಅವರು ಅದೇ ಕಾರಿನ ಮುಂದಿನ ಅವತಾರವೊಂದನ್ನು ಗುಜರಿಯಿಂದ ತಂದು, ಮೂರು ವರ್ಷ ಬಡಿದಾಡಿ ಓಡುವಂತೆ ಮಾಡಿದ್ದರು. ಅಮೆರಿಕದ ಸುರಕ್ಷತೆಯ ಕಾಯ್ದೆಗೆ ಮಣಿದು ಇಂಗ್ಲಿಷರು ಅಷ್ಟರಲ್ಲಿ ಕ್ರೋಮ್ ಕಿತ್ತು ದಪ್ಪ ಕರಿ ರಬ್ಬರಿನ ಬಂಪರು ಹಚ್ಚಿದ್ದರು, ಕಾರನ್ನು ಎರಡು ಬೆರಳು ಎತ್ತರಿಸಿದ್ದರು. ತಿರುವಿನಲ್ಲಿ ವಾಲುತ್ತದೆ ಎಂದು ಬಲ್ಲವರ ದೂರು. ಪುಸ್ತಕ ಸಂಗ್ರಹಿಸುವವರೂ ಹೀಗೆಯೇ; ತಪ್ಪು ತಿದ್ದಿದ ಎರಡನೆಯ ಮುದ್ರಣ ಬಿಟ್ಟು ತಪ್ಪುಳ್ಳ ಮೊದಲನೆಯದಕ್ಕೇ ಜೀವ ಬಿಡುತ್ತಾರೆ. "ಇದು ಕಾವ್ಯದ ಗದ್ಯಾನುವಾದ" ಎಂದು ಅವರ ಗ್ಯಾರೇಜಿನಲ್ಲೇ ನಾಲ್ಕು ಜನರೆದುರು ಅಂದೆ. ಮೆಹಬೂಬಸಾಬರು ನಕ್ಕು, ಕೈ ಒರೆಸಿಕೊಂಡು ಒಳಗೆ ಹೋದರು. ಯಾವಾಗಲೂ ಬರುವ ಚಹಾ ಅಂದು ಬರಲಿಲ್ಲ.

ಹೋದ ವರ್ಷ ಹಾನಗಲ್ಲಿನ ನಮ್ಮಕ್ಕನಿಗೆ ಕಣ್ಣಿನ ಆಪರೇಷನ್. ಒಂದು ಕಣ್ಣು ಆಗಲೇ ಹೋಗಿತ್ತು, ಉಳಿದದ್ದು ಇದೊಂದೇ. ಹುಬ್ಬಳ್ಳಿಯ ಡಾಕ್ಟರು ಹನ್ನೊಂದಕ್ಕೆ ಬರಹೇಳಿದ್ದರು. ಜಂಬದಿಂದ ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. ಶಿಗ್ಗಾಂವಿ ಇನ್ನೂ ದೂರವಿರುವಾಗ ಹಳ್ಳಿಯೊಂದರ ಮುಂದಿನ ರಸ್ತೆಯುಬ್ಬು ಕಾರಿನ ಹೊಟ್ಟೆಗೆ ಬಡಿಯಿತು. ಆಯಿಲ್ ಹರಿಯಿತು. ಬಸ್ಸು ಆಗಷ್ಟೇ ಹೋಗಿತ್ತು. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, "ಎಷ್ಟಾತೋ ಟೈಮು?" ಎಂದು ಮತ್ತೆ ಮತ್ತೆ ಕೇಳತೊಡಗಿದಳು. ನಾಚಿಕೆ ಬಿಟ್ಟು ಫೋನ್ ಮಾಡಿದೆ. ಪುಣ್ಯಕ್ಕೆ ಮೆಹಬೂಬಸಾಬರು ಶಿಗ್ಗಾಂವಿಯಲ್ಲೇ ಇದ್ದರು.

ಕರಿ ಬಂಪರಿನ ಕಾರು ಬಂತು. ಅವರು ಬಗ್ಗಿ ನನ್ನ ಕಾರಿನ ಅಡಿ ನೋಡಿ, "ಆಯಿಲ್ ಚೇಂಬರ್ ಒಡದೈತ್ರಿ ಸರ" ಅಂದರು. ಅಕ್ಕನಿಗೆ ಬಾಗಿಲು ತೆಗೆದರು. "ಬರ್ರಿ ಅಕ್ಕಾರ, ಕುಂದರ್ರಿ. ಹನ್ನೊಂದರೊಳಗ ಮುಟ್ಟಸ್ತೇನಿ."

ಅದರಲ್ಲೂ ಇರುವುದು ಎರಡೇ ಸೀಟು. ಅವರಿಬ್ಬರೂ ಹೋದರು, ನಾನು ನನ್ನ ಕಾವ್ಯದ ಪಕ್ಕ ಉಳಿದೆ. ಬಿಸಿಲಿನಲ್ಲಿ ಅದು ಚೆಲುವಾಗಿಯೇ ಕಾಣುತ್ತಿತ್ತು.

ಮುಂದಿನ ಬಸ್ಸು ಹಿಡಿದು ತಲುಪುವ ಹೊತ್ತಿಗೆ ಆಪರೇಷನ್ ಸುಸೂತ್ರವಾಗಿ ಮುಗಿದಿತ್ತು. ಮೆಹಬೂಬಸಾಬರು ಅಕ್ಕನ ಚಪ್ಪಲಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು.

"ನಿಮ್ಮ ಗಾಡಿಗೆ ಏನೇನೋ ಅಂದಿದ್ದೆ. ತಪ್ಪಾತ್ರಿ" ಅಂದೆ.

ಅವರು ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿದರು. "ನಿಮ್ಮದ ಚಂದ ಐತ್ರಿ ಸರ, ಎರಡನೇ ಮಾತಿಲ್ಲ. ಆದ್ರ ಮೊದಲಿಂದು ಓಡಸಾವ್ರ ಖುಷಿಗೆ ಮಾಡಿದ್ರು. ಆಮ್ಯಾಲಿಂದು, ಪೆಟ್ಟು ತಿಂದವ್ರ ಮಾತು ಕೇಳಿ ಮಾಡಿದ್ರು."

ಈಗ ಅಕ್ಕ ಕಣ್ಣು ತೋರಿಸಲು ಹೋಗುವುದು ಅವರ ಜೊತೆಗೇ. ನನ್ನದೂ ರಿಪೇರಿಯಾಗಿದೆ ಎಂದರೆ, "ನಿಂದು ತೊಳದು ಒರಸಿ ಇಡಪಾ. ನೀ ಬಸ್ಸಿಗೆ ಬಾ" ಅನ್ನುತ್ತಾಳೆ. ಹೋಗುತ್ತೇನೆ. ಹೆದ್ದಾರಿಯಲ್ಲಿ ಅವರು ನಮ್ಮ ಬಸ್ಸನ್ನು ದಾಟುತ್ತಾರೆ. ಬಸ್ಸಿನ ಕಿಟಕಿಯ ಎತ್ತರದಿಂದ ಬಂಪರು ಕಾಣುವುದೇ ಇಲ್ಲ. ಚಾವಣಿ ಮಡಚಿದ ಕಾರಿನಲ್ಲಿ, ಹಾರುವ ಸೆರಗು ಹಿಡಿದುಕೊಂಡು ರಸ್ತೆಯ ಎರಡೂ ಬದಿ ನೋಡುತ್ತಿರುವ ಅಕ್ಕ ಮಾತ್ರ ಕಾಣುತ್ತಾಳೆ.