ಹೂಂ ಅನ್ನುವವರು ಬೇಕು

ರಾಮದುರ್ಗದ ನೀಲಕಂಠಾಚಾರ್ಯರಿಗೆ ಓದಲು ಕನ್ನಡಕ ಇಲ್ಲದಿದ್ದರೂ ನಡೆದೀತು, ಎದುರಿಗೆ ಹೂಂ ಅನ್ನುವವರು ಇರಲೇಬೇಕು. ಪೇಪರಿನ ಒಂದು ಸಾಲು ಗಟ್ಟಿಯಾಗಿ ಓದಿ ನಿಲ್ಲುತ್ತಾರೆ; ಹೂಂ ಬರದಿದ್ದರೆ ಅದೇ ಸಾಲನ್ನು ಮತ್ತೆ ಓದುತ್ತಾರೆ. ಮದುವೆಯ ಕಾರ್ಡು, ಗುಳಿಗೆಯ ಡಬ್ಬಿ, ಮೊಬೈಲಿಗೆ ಬಂದ ಶುಭೋದಯ, ಎಲ್ಲಕ್ಕೂ ಇದೇ ಕ್ರಮ. “ನಾ ಅಡಗಿ ಮಾಡ್ಲ್ಯೋ, ನಿಮಗ ಹೂಂ ಅನ್ಕೋತ ಕೂಡ್ಲ್ಯೋ?” ಎಂದು ಹೆಂಡತಿ ಪ್ರಿಯಂವದಾ ರೇಗಿದರೆ, “ಎರಡೂ ಮಾಡು, ಅಡಗಿಗೆ ಬಾಯಿ ಯಾಕ ಬೇಕು?” ಎನ್ನುತ್ತಾರೆ. ಈ ಚಟ ಹಚ್ಚಿದವಳು ಅಜ್ಜಿ ಯಮುನಾಬಾಯಿ. ಅಕ್ಷರ ಬಾರದ ಅಜ್ಜಿ, ಆಗ ಎರಡನೇ ಇಯತ್ತೆ ಕಲಿಯುತ್ತಿದ್ದ ಮೊಮ್ಮಗ ನೀಲೂನನ್ನು ಎದುರಿಗೆ ಕೂಡಿಸಿಕೊಂಡು ಕಥೆ ಓದಿಸುತ್ತಿದ್ದಳು. ಅವಳು ಹೂಂ ಅಂದರಷ್ಟೇ ತಾನು ಓದಿದ್ದು ಸರಿಯೆಂದು ಅವನ ನಂಬಿಕೆ. ಒಂದು ದಿನ ಆಟದ ಅವಸರಕ್ಕೆ ಕಥೆಯ ರಾಜಕುಮಾರಿಯನ್ನು ಕಾಡಿನಲ್ಲೇ ಬಿಟ್ಟು ಏಳರ ಮಗ್ಗಿ ಒದರಿದ. ಅಜ್ಜಿ ಅದಕ್ಕೂ ಅಷ್ಟೇ ಪ್ರೀತಿಯಿಂದ ಹೂಂ ಹೂಂ ಎಂದಳು. ಅವಳ ಕಿವಿ ಪೂರ್ತಿ ಹೋಗಿದೆ, ತನ್ನ ತುಟಿ ನಿಂತಾಗಲೆಲ್ಲ ಹೂಂ ಅನ್ನುತ್ತಿದ್ದಾಳೆ ಎಂದು ನೀಲೂಗೆ ಅಂದು ತಿಳಿಯಿತು. ಮರುದಿನ ಗೆಳೆಯರು ಓಣಿಯಿಂದ ಎಷ್ಟು ಕೂಗಿದರೂ ಅವನು ಏಳಲಿಲ್ಲ. ಅಜ್ಜಿಯೆದುರು ಕೂತು, ರಾಜಕುಮಾರಿಯನ್ನು ಕಾಡಿನಿಂದ ಅರಮನೆಯವರೆಗೆ ಒಂದಕ್ಷರವೂ ಬಿಡದೆ ಕರೆತಂದ.