ಕತ್ತಲಾದ ಮೇಲೆ ಶಿರೂರಿಗೆ ಮುಟ್ಟದ ರೇಡಿಯೊ

2005ರಲ್ಲಿ ನಾನು ತೆಕ್ಕಟ್ಟೆ ಸಮೀಪದ ಒಂದು ಸಣ್ಣ ಮಧ್ಯಮ ತರಂಗ ಕೇಂದ್ರದಲ್ಲಿ ಟ್ರಾನ್ಸ್‌ಮಿಟರ್ ಎಂಜಿನಿಯರ್ ಆಗಿದ್ದೆ. ಅಲ್ಲಿ ಎರಡು ಗೋಪುರಗಳಿದ್ದವು. ಹಗಲಿನಲ್ಲಿ ಒಂದೇ ಗೋಪುರದಿಂದ ಎಲ್ಲ ದಿಕ್ಕಿಗೂ ಪ್ರಸಾರ. ಕತ್ತಲಾದಾಗ ಮಧ್ಯಮ ತರಂಗ ಆಕಾಶದಿಂದ ಪ್ರತಿಫಲಿಸಿ ಬಲು ದೂರ ಹೋಗುತ್ತದೆ. ಈಶಾನ್ಯದಲ್ಲಿ ನಮ್ಮದೇ ಫ್ರೀಕ್ವೆನ್ಸಿಯ ಇನ್ನೊಂದು ಕೇಂದ್ರವಿತ್ತು. ಅದಕ್ಕೆ ತೊಂದರೆಯಾಗದಂತೆ ಸಂಜೆ ಎರಡೂ ಗೋಪುರಗಳನ್ನು ಸೇರಿಸಿ ಆ ದಿಕ್ಕಿಗೆ ಮಾತ್ರ ಪ್ರಸಾರ ಕುಗ್ಗಿಸುತ್ತಿದ್ದೆವು. ಕುಗ್ಗಿದೆಯೇ ಎಂದು ತಿಳಿಯಲು ಶಂಕರನಾರಾಯಣ ಎಂಬ ಊರಿನ ಬಳಿ ಒಂದು ಅಳತೆಯ ಜಾಗವಿತ್ತು.

ಆ ಮೇ ತಿಂಗಳಲ್ಲಿ ಶಿರೂರಿನಿಂದ ಗಿರಿಜ ಎಂಬ ಹೆಂಗಸು ಫೋನ್ ಮಾಡತೊಡಗಿದರು. ಅವರ ತಮ್ಮ ಮಂಜು ಮೀನುಗಾರಿಕೆಯ ಬೋಟು ನಡೆಸುವ ತಾಂಡೇಲ. ಕಡಲಿನಲ್ಲಿ ಮೊಬೈಲ್ ಸಿಗದು; ಗಾಳಿ-ಮಳೆಯ ಮುನ್ನೆಚ್ಚರಿಕೆಗೆ ನಮ್ಮ ಸಂಜೆಯ ಪ್ರಸಾರವೇ ಗತಿ.

"ಹ್ವಾಯ್ ಸರ್, ಕತ್ಲೆ ಆದ್ ಕೂಡ್ಲೆ ನಿಮ್ ರೇಡಿಯದಗೆ ಯಾರೋ ಬೇರಿ ಬಾಷಿಯೋರ್ ಬಂದ್ ಕೂಕಂತ್ರ್. ನೀವ್ ಎಲ್ಲಿಗ್ ಹೋತ್ರಿ?"

"ಸೆಲ್ ಬದಲಿಸಿ ನೋಡಿ ಅಕ್ಕ."

"ಸೆಲ್ ಹೊಸ್ತೇ. ಹಗ್ಲಿಗ್ ಲಾಯ್ಕ್ ಕೇಂತ್ತ್. ಸೆಲ್ಲಿಗ್ ಕತ್ಲೆ ಆದ್ದ್ ಗೊತ್ತಾತ್ತಾ?"

ಅಳತೆಯ ಪುಸ್ತಕ ತೆಗೆದು ನೋಡಿದೆ. ಶಂಕರನಾರಾಯಣದ ಅಳತೆಗಳು ವರ್ಷಗಳಿಂದ ಮಿತಿಯೊಳಗೇ ಇದ್ದವು. ಈಗ ಬರೆಯುವಾಗ, ಆ ಅಳತೆಗಳ ಮೇಲೆ ಆಗಲೇ ನನಗೆ ಅನುಮಾನ ಬಂದಿತ್ತು ಅನ್ನಿಸುತ್ತದೆ. ಆ ನೆನಪನ್ನು ನಾನೇ ನಂಬುವುದಿಲ್ಲ. ಬಹುಶಃ ಅವರ ಫೋನಿನಿಂದ ತಪ್ಪಿಸಿಕೊಳ್ಳಲೆಂದೇ ತರಂಗದ ಬಲ ಅಳೆಯುವ ಮೀಟರ್ ಹಿಡಿದು ಶಂಕರನಾರಾಯಣಕ್ಕೆ ಹೊರಟೆ.

ಪರೀಕ್ಷೆಗಾಗಿ ಹಗಲಿನಲ್ಲೇ ರಾತ್ರಿಯ ಎರಡು ಗೋಪುರಗಳ ಜೋಡಣೆ ಹಾಕಿಸಿದ್ದೆ. ನಮ್ಮ ಸಿಬ್ಬಂದಿ ಯಾವಾಗಲೂ ಅಳೆಯುತ್ತಿದ್ದುದು ಸುಬ್ರಾಯರ ಚಾ ಅಂಗಡಿಯಲ್ಲಿ. ಬೆಂಚಿನ ಮೇಲೆ ಮೀಟರ್ ಇಟ್ಟೆ, ಅಳತೆ ಸರಿಯಿತ್ತು. ಅಂಗಡಿಯ ಬೆನ್ನಿಗೇ ಹೊಸ ಮೊಬೈಲ್ ಟವರ್.

ಸುಬ್ರಾಯರು ಚಾ ಕೊಡುತ್ತ ನಕ್ಕರು. "ನಿಮ್ಮೋರ್ ಮುಂಚೆ ಅಲ್ಲ್ ಗದ್ದಿ ಬದಿಯಗೆ ನಿಂತ್ಕಂತಿದ್ರ್ ಮಾರಾಯ್ರೆ. ಒಂದ್ ಮಳಿಗ್ ನಮ್ ಅಂಗ್ಡಿ ಒಳ್ಗ್ ಬಂದ್ರ್, ಗೋಳಿಬಜೆ ತಿಂದ್ರ್. ಮತ್ತ್ ಗದ್ದಿಗ್ ಹೋದದ್ದೇ ಇಲ್ಲೆ."

ಗದ್ದೆಗೆ ಇಳಿದೆ. ಮೀಟರ್ ಬೇರೆಯೇ ಹೇಳಿತು: ಕುಗ್ಗಬೇಕಾದ ದಿಕ್ಕಿನಲ್ಲಿ ಪ್ರಸಾರ ಕುಗ್ಗಿರಲೇ ಇಲ್ಲ. ಕಬ್ಬಿಣದ ಎತ್ತರದ ಟವರ್ ರೇಡಿಯೊ ತರಂಗವನ್ನು ಹೀರಿ ಮತ್ತೆ ಹೊರಚೆಲ್ಲುತ್ತದೆ. ಅದರಿಂದ ಬೆಂಚಿನ ಮೇಲೆ ಅಳತೆ ಏರಿದಾಗಲೆಲ್ಲ ನಮ್ಮವರು ಕೇಂದ್ರದಲ್ಲಿ ಫೇಸ್ ತಿರುಗಿಸಿ ಇಳಿಸಿದ್ದರು, ಅಂದರೆ ಎರಡು ಗೋಪುರಗಳ ತರಂಗಗಳ ಹೊಂದಾಣಿಕೆಯನ್ನೇ ಬದಲಿಸಿದ್ದರು. ಬೆಂಚಿನ ಅಳತೆ ಸರಿಯಾಗುತ್ತ ಹೋದಂತೆ ಕುಗ್ಗುವ ದಿಕ್ಕು ಸರಿಯುತ್ತ ಸರಿಯುತ್ತ ಬೈಂದೂರು, ಶಿರೂರಿನ ಕಡಲ ಮೇಲೆ ಹೋಗಿ ನಿಂತಿತ್ತು.

ಹಿಂತಿರುಗುವಷ್ಟರಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ಬಂದಿತ್ತು. ಗಿರಿಜರ ಫೋನೂ ಬಂತು. ಮಂಜು ಕಡಲಿನಲ್ಲಿದ್ದ.

ಜೋಡಣೆ ಸರಿಪಡಿಸಲು ವಾರಗಳು ಬೇಕು. ಉಳಿದದ್ದು ಒಂದೇ ದಾರಿ: ಸಂಜೆಯಾದರೂ ಹಗಲಿನ ಒಂಟಿ ಗೋಪುರದಲ್ಲೇ ಪ್ರಸಾರ ಮಾಡುವುದು. ಅದು ನಿಯಮ ಮುರಿದಂತೆ. ಮೇಲಧಿಕಾರಿಗೆ ಫೋನ್ ಮಾಡಿದೆ.

"ಈಶಾನ್ಯದ ಕೇಂದ್ರದವರು ಕೇಳಿದರೆ ಉತ್ತರ ನಿಮ್ಮದು," ಎಂದು ಅವರು ಫೋನ್ ಇಟ್ಟರು.

ಆ ಸಂಜೆ ಹಗಲಿನ ಒಂಟಿ ಗೋಪುರದಲ್ಲೇ ಪ್ರಸಾರ ಮುಂದುವರಿಸಿದೆ. ಮುನ್ನೆಚ್ಚರಿಕೆಯನ್ನು ಹಾಡುಗಳ ನಡುವೆ ಮತ್ತೆ ಮತ್ತೆ ಓದಿಸಿದೆ. ಕತ್ತಲಾದ ಮೇಲೆ ಗಿರಿಜರಿಗೆ ನಾನೇ ಫೋನ್ ಮಾಡಿ ಕೇಳುತ್ತಿದೆಯೇ ಎಂದೆ.

"ಕೇಂತ್ತ್ ಸರ್, ಲಾಯ್ಕ್ ಕೇಂತ್ತ್," ಎಂದರು. "ನಂಗ್ ಕೇಂಡ್ರೆ ಎಂತ ಆಯ್ತ್? ನಾ ಮನಿಯಗ್ ಇದ್ದೆ. ಅವ್ನಿಗ್ ಕೇಣ್ಕ್ ಅಲ್ದಾ?"

ಗಾಳಿ ಅಂದೇ ಬೀಸಿತು. ಮಂಜುವಿನ ಬೋಟು ಹಿಂದಿರುಗಲಿಲ್ಲ. ಹೇಗೋ ದಡ ಸೇರಿದ ಇನ್ನೊಂದು ಬೋಟಿನ ತಾಂಡೇಲನನ್ನು ಶಿರೂರಿನಲ್ಲಿ ಕಂಡೆ. ಅಂದಿನ ಪ್ರಸಾರ ಕಡಲಿಗೆ ಮುಟ್ಟಿತ್ತೇ ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ:

"ಯಾರಿಗ್ ಗೊತ್ತ್ ಸರ್. ಕತ್ಲೆ ಆದ್ ಮೇಲೆ ರೇಡಿಯ ಹಾಕುದೇ ಬಿಟ್ಟಿತ್ತ್ ನಾವ್. ಅದ್ರಗೆ ನಮ್ದ್ ಎಂತದೂ ಬತ್ತಿರ್ಲಿಲ್ಲೆ ಅಲ್ದಾ?"

ಅಂದು ಮಂಜು ರೇಡಿಯೊ ಹಾಕಿದ್ದನೋ ಇಲ್ಲವೋ, ಯಾರೂ ಹೇಳಲಾರರು.

ಆಮೇಲೆ ಜೋಡಣೆ ಸರಿಯಾಯಿತು. ಗದ್ದೆಯ ಅಂಚಿನ ಹಳೆಯ ಜಾಗದಲ್ಲಿ ನಿಂತು ಅಳೆದೆವು, ಮಳೆಯಲ್ಲಿಯೂ. ವೃತ್ತಿ ನನಗೆ ಕಲಿಸಿದ್ದು ಆಂಟೆನಾದ ವಿಷಯವಲ್ಲ. ಕೆಟ್ಟ ಪ್ರಸಾರವನ್ನು ಇಂದಲ್ಲ ನಾಳೆ ಸರಿಪಡಿಸಬಹುದು. ಅದು ಕೆಟ್ಟಿದ್ದ ಕಾಲದಲ್ಲಿ ಕೇಳುವುದನ್ನೇ ಬಿಟ್ಟವರಿಗೆ, ಇವತ್ತು ಸರಿಯಾಗಿದೆ ಎಂದು ಹೇಳಲು ನಮ್ಮ ಬಳಿ ಇರುವುದು ಅವರು ಹಾಕದ ಅದೇ ರೇಡಿಯೊ.